ಜಿಲಾನಸಾಬರು ಪಾಸು ಮಾಡಿದ ಮೆಟ್ಟಿಲುಗಳು

ಬೆಂಗಳೂರಿನ ನೆಲದಡಿಯ ಮೆಟ್ರೋ ನಿಲ್ದಾಣವೊಂದಕ್ಕೆ ಮೆಟ್ಟಿಲು ಮಾಡಿಕೊಡುವ ಕೆಲಸ ಕುಷ್ಟಗಿಯ ನಮ್ಮ ಗ್ರಾನೈಟ್ ಕಾರ್ಖಾನೆಗೆ ಸಿಕ್ಕಿತ್ತು. ಕಲ್ಲು ಕೊಯ್ಯುವವನು ನಾನು, ಕೊಟ್ರಪ್ಪ. ಪಾಸು ಮಾಡುವವರು ಜಿಲಾನಸಾಬರು. ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು. ಗಟ್ಟಿ ಕಲ್ಲು ಖಣ್ಣೆನ್ನುತ್ತದೆ. ಒಳಗೆ ಬಿರುಕಿದ್ದರೆ ಸದ್ದು ಅಲ್ಲೇ ಸತ್ತುಹೋಗುತ್ತದೆ. ಪಾಸೆಂದು ಅವರು ಸುಣ್ಣದ ಗೀಟು ಎಳೆದ ಮೇಲೆ ಆ ಕಲ್ಲನ್ನು ಇನ್ನೊಬ್ಬರು ಬಡಿಯುವಂತಿಲ್ಲ. ಬಡಿದರೆ ಹಿರಿಯನನ್ನು ಸುಳ್ಳುಗಾರ ಎಂದಂತೆ. ಇದು ನಮ್ಮಲ್ಲಿ ನಡೆದು ಬಂದ ರಿವಾಜು.

ಮೂವತ್ತು ವರ್ಷ ಕೊಯ್ಯುವ ಯಂತ್ರದ ಪಕ್ಕ ನಿಂತ ಕಿವಿ ಎಷ್ಟು ದಿನ ತಡೆದೀತು? ಅವರಿಗೆ ಕೇಳಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ಸದ್ದು ಸತ್ತ ಕಲ್ಲಿಗೆ ಅವರು ಗೀಟು ಎಳೆದದ್ದನ್ನು ಎರಡು ಸಲ ಕಂಡೂ ಬಾಯಿ ಮುಚ್ಚಿಕೊಂಡಿದ್ದೆ. ಸುತ್ತಿಗೆ ಹಿಡಿಯಲು ಕಲಿಸಿದವರಿಗೆ ನಿಮ್ಮ ಕಿವಿ ಹೋಗಿದೆ ಎಂದು ಹೇಗೆ ಹೇಳಲಿ? ಅದನ್ನು ಮರ್ಯಾದೆ ಎಂದುಕೊಂಡಿದ್ದೆ. ಬರೀ ಪುಕ್ಕಲುತನ ಅದು.

ಮೊದಲ ಲಾರಿ ತುಂಬುವ ದಿನ ನಿಲ್ದಾಣದ ಎಂಜಿನಿಯರ್ ಅಮೃತಾ ಬಂದರು. ಗಂಗಾವತಿ ಕಡೆಯವರು. ನಕ್ಷೆಯನ್ನು ಕಲ್ಲಿನ ಮೇಲೆ ಹರಡಿದರು.

"ಗಾಡಿ ನಿಲ್ಲೋದು ಭೂಮ್ಯಾಗ ಅರವತ್ತು ಅಡಿ ಕೆಳಗ ನೋಡ್ರಿ. ಬೆಂಕಿ ಹತ್ತಿ ಹೊಗಿ ತುಂಬಿತಂದ್ರ ಲಿಫ್ಟ್ ಬಂದ್. ನಾಕು ನಿಮಿಷದಾಗ ಎಲ್ಲಾರೂ ಈ ಮೆಟ್ಟಿಲಿಂದನ ಪಾರಾಗಬೇಕು. ಒಂದರ ಅಂಚು ಮುರೀತಂದ್ರ ಮುಂದಿನಾಕಿ ಬೀಳ್ತಾಳ, ಹಿಂದಿನವ್ರು ಆಕಿ ಮ್ಯಾಲ ಬೀಳ್ತಾರ."

ಜಿಲಾನಸಾಬರು ತಲೆಯಾಡಿಸಿದರು. ಕೊನೆಯ ಕಲ್ಲನ್ನು ಬಡಿದರು. ಸದ್ದು ಸತ್ತಿತು. ಗೀಟು ಎಳೆದರು.

ಆ ಬೀಳುವ ಹೆಂಗಸು ನನ್ನ ಕಣ್ಣ ಮುಂದೆ ಬಂದಳು. ಅವರ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಗೀಟಿನ ಮೇಲೇ ಬಡಿದೆ. ಪಾಲಿಶ್ ಮಾಡುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿದರು.

"ಕೊಟ್ರ್ಯಾ! ನನ್ನ ಗೀಟಿನ ಮ್ಯಾಲ ಬಡೀತಿ?"

ನನಗೆ ಅಳು ಬಂತು. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ನಿಧಾನವಾಗಿ ಸಿಟ್ಟು ಇಳಿಯಿತು. ಹೆಗಲ ಮೇಲಿನ ವಸ್ತ್ರ ತೆಗೆದು ಗೀಟನ್ನು ತಾವೇ ಒರೆಸಿದರು.

"ಮೇಡಮ್ಮರ, ಲಾರ್ಯಾಗಿನ ಕಲ್ಲು ಇಳಸ್ರಿ," ಎಂದರು. "ನನಗ ಕೇಳಸೂದಿಲ್ರಿ. ವರ್ಷಾತು. ಕೈಗೆ ತಿಳೀತೈತಿ ಅಂತ ನನಗ ನಾನ ಸುಳ್ಳು ಹೇಳ್ಕೊಂಡೆ."

ಎಪ್ಪತ್ತೆರಡು ಮೆಟ್ಟಿಲು ಲಾರಿಯಿಂದ ಇಳಿದವು. ಅವರು ಸುತ್ತಿಗೆಯನ್ನು ನನ್ನ ಕೈಯಲ್ಲೇ ಬಿಟ್ಟು ಎದುರಿಗೆ ನೆಲದ ಮೇಲೆ ಕೂತರು. ನಾನು ಒಂದೊಂದನ್ನೇ ಬಡಿಯುತ್ತ ಹೋದೆ. ಪ್ರತಿ ಏಟಿಗೂ ಅವರ ಕಣ್ಣು ನನ್ನ ಮುಖದ ಮೇಲಿತ್ತು. ಮೂರನೆಯ ಕೆಟ್ಟ ಕಲ್ಲು ಸಿಕ್ಕಾಗ ತಡೆಯಲಾರದೆ ಮುಖ ಆಚೆ ತಿರುಗಿಸಿದೆ.

"ಈ ಕಡೆ ತಿರುಗು, ಕೊಟ್ರಪ್ಪ," ಎಂದರು. "ಎಷ್ಟು ಕೆಟ್ಟಾವ, ನಾ ಎಣಿಸಬೇಕು."