ಸುಣ್ಣದ ಬೆರಳು

ಕ್ಷಮಿಸಬೇಕು, ಇಂಥದ್ದನ್ನು ನಿಮ್ಮ ಮುಂದೆ ಹೇಳಲು ನಾನು ಎಷ್ಟರವಳು ಎಂದು ನನಗೇ ಗೊತ್ತಿಲ್ಲ — ಎಂದು ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಪೋಷಕರ ಸಭೆಗೆ ಒಪ್ಪಿಸುತ್ತಿರುವಾಗಲೇ ಶೀಲಾವತಿ ಟೀಚರ ಕಣ್ಣು ಮುಂದಿನ ಕುರ್ಚಿಯ ದುಗ್ಗಪ್ಪನವರ ತೋರುಬೆರಳ ಮೇಲೆ ಕೂತುಬಿಟ್ಟಿತು, ಬೆರಳ ತುದಿಯಲ್ಲಿ ಸುಣ್ಣ, ಬೆಳ್ಳಗೆ, ವೀಳ್ಯದೆಲೆಗೆ ಸವರಿ ಉಳಿದದ್ದು, ಬೇರೆಯವರಾದರೆ ಕಂಬಕ್ಕೆ ಒರೆಸುತ್ತಾರೆ, ಇವರು ಮಕ್ಕಳ ಕೆನ್ನೆಗೆ, ಒರೆಸುವುದೂ ಅಲ್ಲ, ಚಿವುಟುವುದು, ಊರಿನ ಅರ್ಧ ಕೆನ್ನೆಗಳಿಗೆ ಆ ಬೆರಳಿನ ಮೊಹರು ಬಿದ್ದಿದೆ, ಅವಳದ್ದಕ್ಕೂ ಬಿದ್ದಿತ್ತು, ಎರಡನೇ ಕ್ಲಾಸಿನಲ್ಲಿದ್ದಾಗ, ಉರಿಯೋ ಉರಿ, ಅಮ್ಮ ತೆಂಗಿನೆಣ್ಣೆ ಹಚ್ಚುತ್ತ ನಗುತ್ತಿದ್ದಳು, ದುಗ್ಗಪ್ಪಣ್ಣ ಪ್ರೀತಿಯಲ್ಲಿ ಮಾಡುದಲ್ವಾ, ಅದಕ್ಕೆಲ್ಲ ಕೂಗುದಾ — ಹಾಗೆ ಕೂಗದೆ ಸುಮ್ಮನಾದ ಹುಡುಗಿ ಈಗ ಮೈಯ ಪಾಠ ಮಾಡುವ ಟೀಚರು, ಆ ದುಗ್ಗಪ್ಪಣ್ಣ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ಅವಳೋ ಅತಿಥಿ ಶಿಕ್ಷಕಿ, ಪ್ರತಿ ಜೂನಿನಲ್ಲೂ ಈ ಟೀಚರೇ ಇರಲಿ ಎಂದು ಅವರು ಒಂದು ಮಾತು ಹೇಳಬೇಕು, ಹೇಳದಿದ್ದರೆ ಮತ್ತೆ ಪುತ್ತೂರಿನ ಬಟ್ಟೆ ಅಂಗಡಿ, ಹಗಲೆಲ್ಲ ಸೀರೆ ಮಡಚಿ ಸಂಜೆ ಕಾಲೇಜಿಗೆ ಓಡಿದ ಆ ದಿನಗಳು, ಟ್ಯೂಬ್‌ಲೈಟಿನ ಕೆಳಗೆ ಆರೋಗ್ಯ ಶಿಕ್ಷಣದ ಕ್ಲಾಸು, ಲೆಕ್ಚರರು ತಲೆಯಿಂದ ಹೊಟ್ಟೆಯವರೆಗೆ ಚಂದ ವಿವರಿಸಿ, ಅಲ್ಲಿಂದ ಕೆಳಗಿಳಿಯುವ ಹೊತ್ತಿಗೆ ಗಡಿಯಾರ ನೋಡಿ, ಉಳಿದದ್ದು ಸುಲಭ, ಮನೆಯಲ್ಲಿ ಓದಿಕೊಳ್ಳಿ ಎಂದಿದ್ದರು, ಸುಲಭವಂತೆ!

ಮನೆಯಲ್ಲಿ ಓದಿಕೊಂಡದ್ದನ್ನು ಕಳೆದ ವಾರ ಮಕ್ಕಳಿಗೆ ಹೇಳಬೇಕಾಗಿ ಬಂತು, ಅಂಗಗಳ ಹೆಸರನ್ನು ನಾಚದೆ ಹೇಳಿಕೊಡಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು, ನಾಚದೆ ಹೇಳಲು ಅಭ್ಯಾಸ ಬೇಕಲ್ಲ, ಅಡುಗೆಮನೆಯಲ್ಲಿ ಬಸಳೆ ಹೆಚ್ಚುತ್ತ ಒಂದೊಂದೇ ಹೆಸರನ್ನು ಜೋರಾಗಿ ಹೇಳಿಕೊಂಡಳು, ಅಮ್ಮ ಹಿತ್ತಲಿನಿಂದ ಓಡಿ ಬಂದಳು, ಯಾರಿಗೆ ಬೈಯುದು ನೀನು, ಪಕ್ಕದ ಮನೆಯವರು ಕೇಳಿದ್ರೆ ಎಂತ ಹೇಳ್ಯಾರು — ಸೋಮವಾರ ಕೈ ತೊಳೆಯುವ ಪಾಠ, ಮಂಗಳವಾರ ನನ್ನ ಮೈ ನನ್ನದು ಎಂಬ ಪಾಠ, ಹಳೆಯ ಕ್ಯಾಲೆಂಡರುಗಳನ್ನು ಮಗುಚಿ ಅಂಟಿಸಿ, ಒಂದು ಮಗುವನ್ನು ಅದರ ಮೇಲೆ ಮಲಗಿಸಿ ಸುತ್ತ ಗೆರೆ ಎಳೆದು, ಹೆದರಿ ಅದಕ್ಕೊಂದು ನೀಲಿ ಚಡ್ಡಿ ಬರೆದಳು, ಭವಿತ್ ಕೈ ಎತ್ತಿದ, ಟೀಚರ್, ಇವನಿಗೆ ಅಂಗಿ ಇಲ್ಲ, ಚಳಿ ಆಗುದಿಲ್ವಾ, ಸರಿ, ಅಂಗಿಯನ್ನೂ ಬರೆದಳು, ಕಡೆಗೆ ಆ ಚಿತ್ರದಲ್ಲಿ ಮೈ ಎಂದು ತೋರಿಸಲು ಉಳಿದದ್ದು ಮೊಣಕಾಲು ಮತ್ತು ಮೂಗು, ಆದರೂ ಹೇಳಬೇಕಾದದ್ದನ್ನೆಲ್ಲ ಹೇಳಿದಳು, ಬೆವರುತ್ತ, ಹೆಸರು ಹೆಸರಾಗಿ ಹೇಳಿದಳು, ನಿಮಗೆ ಇಷ್ಟ ಇಲ್ಲದಿದ್ದರೆ ಯಾರಿಗೂ ಬೇಡ ಅನ್ನಬಹುದು, ಕೈ ಹೀಗೆ ಮುಂದೆ ಹಿಡಿದು, ಅಜ್ಜನಿಗೂ ಅನ್ಬಹುದಾ ಟೀಚರ್ ಎಂದು ದೀಕ್ಷಿತಾ ಕೇಳಿದಾಗ, ಹೌದು, ಅಜ್ಜನಿಗೂ, ಎಂದುಬಿಟ್ಟಳು, ಆ ಅಜ್ಜ ಯಾರೆಂದು ನೆನಪಾಗಲೇ ಇಲ್ಲ, ರಾತ್ರಿ ಊಟಕ್ಕೆ ಕೂತಾಗ ನೆನಪಾಯಿತು, ದುಗ್ಗಪ್ಪಣ್ಣ.

ಆ ಅಜ್ಜ ಈಗ ಕುರ್ಚಿಯಿಂದ ಏಳುತ್ತಿದ್ದಾರೆ, ಪಾಠ ಎಲ್ಲ ಒಳ್ಳೆದೇ ಟೀಚರೇ, ಆದ್ರೆ ಇಷ್ಟು ಸಣ್ಣ ಮಕ್ಕಳಿಗೆ ಎಂತ ಅರ್ಥ ಆಗ್ತದೆ, ಬಾ ಪುಳ್ಳಿ ಇಲ್ಲಿ, ಎಂದು ಮೊಮ್ಮಗಳ ಕೆನ್ನೆಯ ಕಡೆಗೆ ಬೆರಳು ಹೊರಟಿತು, ಸುಣ್ಣ ಮುಂದೆ, ಬೆರಳು ಹಿಂದೆ, ಶೀಲಾವತಿಯ ಕೈ ತಾನಾಗಿ ತನ್ನ ಕೆನ್ನೆ ಮುಚ್ಚಿಕೊಂಡಿತು, ದೀಕ್ಷಿತಾಳ ಪುಟ್ಟ ಅಂಗೈ ಮೇಲೆದ್ದಿತು, ಬೇಡ ಅಜ್ಜ. ಹಿಂದಿನ ಬೆಂಚಿನಲ್ಲಿ ಭವಿತನ ಗೆಳೆಯನ ತಾಯಿ ಫೌಝಿಯಾ ಸೆರಗಿನೊಳಗೆ ಪಿಸುಗುಟ್ಟಿದಳು, ಯಾ ಅಲ್ಲಾ, ಇವಳು ಎಂತ ಮಾರಾಯ್ತಿ, ದುಗ್ಗಪ್ಪನವರ ಮುಖ ಕೆಂಪಾಯಿತು, ಜೂನಿನ ಆ ಒಂದು ಮಾತು ಹೋಯಿತು, ಸೀರೆ ಮಡಚುವುದು ಕೈಗೆ ಇನ್ನೂ ನೆನಪಿದೆಯೋ ಇಲ್ಲವೋ, ಆಗ ಹುಡುಗಿಯೇ, ನಿಮ್ಮ ಕೈಯಲ್ಲಿ ಸುಣ್ಣ ಉಂಟು, ಎಂದಳು, ಸಭೆಯೇ ಉಸಿರು ಬಿಟ್ಟು ನಕ್ಕಿತು, ಓ ಅಷ್ಟೇಯಾ ಎಂದು ದುಗ್ಗಪ್ಪನವರೂ ನಕ್ಕು ಜಗಲಿಯ ನಲ್ಲಿಗೆ ನಡೆದರು, ಮಕ್ಕಳು ಕಿಟಕಿಗೆ ಮುತ್ತಿ, ಅಂಗೈ ಆಯ್ತು, ಹಿಂದೆ ತಿಕ್ಕಿ, ಬೆರಳ ಸಂದು ಅಜ್ಜಾ, ಉಗುರು ಬಿಟ್ರಿ, ಎಂದು ಕೂಗುತ್ತಿದ್ದಾರೆ, ಅಧ್ಯಕ್ಷರು ಹೇಳಿದಂತೆ ತಿಕ್ಕುತ್ತಿದ್ದಾರೆ, ಎಲ್ಲರೂ ನಗುತ್ತಿದ್ದಾರೆ, ಶೀಲಾವತಿಗೆ ಮಾತ್ರ ನಗು ಬರಲಿಲ್ಲ, ಹುಡುಗಿ ಸುಣ್ಣಕ್ಕಾಗಿ ಬೇಡ ಅಂದದ್ದೋ, ಬೇಡವಾದ್ದರಿಂದ ಬೇಡ ಅಂದದ್ದೋ, ಸೋಮವಾರದ ಪಾಠವೋ ಮಂಗಳವಾರದ್ದೋ, ಕೈ ತೊಳೆದವರೆಲ್ಲ ಮುಟ್ಟಬಹುದು ಎಂದು ಮಗು ತಿಳಿದುಕೊಂಡಿದ್ದರೆ, ಅಯ್ಯೋ, ಏನು ಕಲಿಸಿದೆ ನಾನು, ಸೋಪು ಹಚ್ಚಿಕೊಂಡು ಯಾರು ಬೇಕಾದರೂ ಬರಬಹುದಲ್ಲ, ಎರಡು ಪಾಠದ ನಡುವೆ ಒಂದು ವಾರವಾದರೂ ಬಿಡಬೇಕಿತ್ತು, ಡ್ರಿಲ್ಲಾದರೂ ಮಾಡಿಸಬೇಕಿತ್ತು —

ದುಗ್ಗಪ್ಪನವರು ಬಂದರು, ತೊಟ್ಟಿಕ್ಕುವ ಕೈ ಚಾಚಿ, ಪಾಸಾ ಟೀಚರೇ, ಈಗ ಮುಟ್ಟಬಹುದಾ, ಎಲ್ಲರ ಮುಖ ಅವಳ ಕಡೆ, ಹೋಗು ಮಗೂ, ಅಜ್ಜ ಅಲ್ವಾ, ಪ್ರೀತಿಯಲ್ಲಿ ಮಾಡುದಲ್ವಾ, ಮಾತು ನಾಲಿಗೆ ತುದಿಗೆ ಬಂದೇ ಬಿಟ್ಟಿತ್ತು, ಅಮ್ಮನ ಮಾತು, ಅಮ್ಮನದೇ ಸ್ವರ, ತೆಂಗಿನೆಣ್ಣೆಯ ವಾಸನೆ, ಅದನ್ನು ನುಂಗಿದಳು, ಅವಳನ್ನೇ ಕೇಳಿ, ಎಂದಳು, ಎಷ್ಟು ಸಣ್ಣ ಸ್ವರದಲ್ಲಿ ಅಂದರೆ ಇನ್ನೊಮ್ಮೆ ಹೇಳಬೇಕಾಯಿತು, ನನ್ನನ್ನಲ್ಲ, ಅವಳನ್ನು ಕೇಳಿ. ದುಗ್ಗಪ್ಪನವರು ಬಗ್ಗಿದರು, ಮುಟ್ಟಬಹುದಾ ಪುಳ್ಳಿ, ದೀಕ್ಷಿತಾ ಆ ಕೈಯನ್ನು ಮೂಸಿ ನೋಡಿದಳು, ತಿರುಗಿಸಿ ಉಗುರು ನೋಡಿದಳು, ಚಂದ ತೊಳ್ದಿದ್ದೀರಿ ಅಜ್ಜ, ಅಂದಳು, ಆದ್ರೂ ಬೇಡ. ಮಂಗಳವಾರ! ಮಂಗಳವಾರದ ಪಾಠವೇ, ಶೀಲಾವತಿಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು, ಕುರ್ಚಿಯ ಕೆಳಗೆ ಅಡಗಬೇಕೆಂದೂ ಅನ್ನಿಸಿತು, ಅವರು ನಗುತ್ತಾರೋ, ಚಪ್ಪಲಿ ಮೆಟ್ಟಿ ಹೊರಡುತ್ತಾರೋ, ಜೂನಿನಲ್ಲಿ ಅವಳು ಎಲ್ಲಿರುತ್ತಾಳೋ, ಗೊತ್ತಿಲ್ಲ, ನಿಜವಾಗಿ ಗೊತ್ತಿಲ್ಲ, ಬಗ್ಗಿದವರ ಮುಖ ಅವಳಿಗೆ ಕಾಣುತ್ತಿಲ್ಲ, ಕಾಣುವುದು ಬೆರಳೊಂದೇ, ಕೆನ್ನೆಯಿಂದ ಗೇಣು ದೂರದಲ್ಲಿ ನಿಂತ ಬೆರಳು, ತುದಿಯಲ್ಲಿ ಸುಣ್ಣವಿಲ್ಲ, ಒಂದು ಹನಿ ನೀರು, ಬೀಳದೆ, ಇನ್ನೂ ಬೀಳದೆ, ಆ ಬೆರಳು —