ಡಿಸ್ಕ್ ತಿಂದವರು ಯಾರು

ತೈಚುಂಗ್ ನಗರದ ನಮ್ಮ ಕಚೇರಿಯಲ್ಲಿ ಬೇಕರಿಗಳ ಪೆಟ್ಟಿಗೆಗಳಿಗೆ ಚಿತ್ರ ಬಿಡಿಸುತ್ತೇವೆ. ನಾವು ನಾಲ್ವರು, ಜೊತೆಗೆ ಯಜಮಾನ ಜಿಯಾನ್. ಕೆಲಸ ನಮ್ಮದು, ಭಾಷಣ ಅವನದು.

ಒಂದು ಬೆಳಿಗ್ಗೆ ಯಾರ ಫೈಲೂ ಸೇವ್ ಆಗಲಿಲ್ಲ. ಎಲ್ಲರೂ ಬಳಸುವ ದೊಡ್ಡ ಕಂಪ್ಯೂಟರಿನ ಡಿಸ್ಕ್ ತುಂಬಿಹೋಗಿತ್ತು. ಜಿಯಾನ್ ಬಬಲ್ ಟೀ ಹೀರುತ್ತಾ ಕೋಣೆಯಿಂದ ಹೊರಬಂದ.

“ನನ್ನ ಡಿಸ್ಕ್ ಏನು ನಿಮ್ಮಪ್ಪನ ಮನೆ ಉಗ್ರಾಣಾನಾ? ಓಕಿನಾವಾ ಟೂರು, ಬೆಕ್ಕಿನ ವಿಡಿಯೋ, ಎಲ್ಲಾ ತುಂಬ್ಸಿಟ್ಟಿದ್ದೀರಿ. ಹಳೇದನ್ನೆಲ್ಲ ಅಳಿಸಿ!”

“ಸರ್, ಯಾವ್ದು ಜಾಗ ತಿಂತಿದೆ ಅಂತ ಮೊದ್ಲು ನೋಡೋಣ,” ಎಂದಳು ನಮ್ಮಲ್ಲಿ ಹಿರಿಯಳಾದ ಶುಹುಯಿ.

“ನೋಡೋದೇನಿದೆ? ನಿಮ್ ಮುಖ ನೋಡಿದ್ರೆ ಗೊತ್ತಾಗಲ್ವಾ!”

ಅಳಿಸಿದೆವು. ಬೆಕ್ಕುಗಳೇನೂ ಇರಲಿಲ್ಲ, ಇದ್ದದ್ದು ಹಳೆಯ ಪೆಟ್ಟಿಗೆಗಳ ಚಿತ್ರಗಳು, ಅವೇ ಹೋದವು. ಸ್ವಲ್ಪ ದಿನದಲ್ಲೇ ಡಿಸ್ಕ್ ಮತ್ತೆ ಭರ್ತಿ.

ಈ ಸಲ ಶುಹುಯಿ ಯಾರನ್ನೂ ಕೇಳಲಿಲ್ಲ. ಮರೆಮಾಡಿದ ಫೋಲ್ಡರುಗಳೂ ಕಾಣುವಂತೆ ಮಾಡಿ, ಎಲ್ಲವನ್ನೂ ಗಾತ್ರದ ಪ್ರಕಾರ ಜೋಡಿಸಿದಳು. ಎಲ್ಲಕ್ಕಿಂತ ಮೇಲೆ ಬಂದದ್ದು ನಾವ್ಯಾರೂ ಕಂಡಿರದ ಒಂದು ಫೋಲ್ಡರ್. ಉಳಿದದ್ದೆಲ್ಲ ಸೇರಿದರೂ ಅದರ ಸಮಕ್ಕೆ ಬರುತ್ತಿರಲಿಲ್ಲ. ತೆರೆದಳು. ಹೋದ ವರ್ಷದಿಂದ ನಮ್ಮ ನಾಲ್ವರ ಕಂಪ್ಯೂಟರ್ ಪರದೆಗಳದ್ದೂ ಕ್ಷಣಕ್ಷಣಕ್ಕೆ ಕದ್ದು ತೆಗೆದ ಚಿತ್ರಗಳು! ನಾನು ಮೂಲವ್ಯಾಧಿಯ ಡಾಕ್ಟರನ್ನು ಹುಡುಕಿದ್ದೂ ಇತ್ತು. ನನ್ನ ಕಿವಿ ಬಿಸಿಯಾಯಿತು.

ಜಿಯಾನ್‌ನನ್ನು ಕರೆದಳು.

“ಅದು... ನಿಮ್ಮ ಸುರಕ್ಷತೆಗೇ,” ಎಂದ ಅವನು.

“ಅಂದ್ರೆ ನಮ್ಮನ್ನ ಯಾರೂ ಕದ್ದು ನೋಡ್ಬಾರ್ದು ಅಂತಾನಾ ಸರ್?” ಎಂದಳು ಶುಹುಯಿ.

ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅವಳು ಆ ಫೋಲ್ಡರನ್ನು ಅಳಿಸಬೇಕು, ಅಷ್ಟರಲ್ಲಿ ಒಂದು ಬೇಕರಿಯಿಂದ ಫೋನು. ಹೋದ ವರ್ಷದ್ದೇ ಮೂನ್‌ಕೇಕ್ ಪೆಟ್ಟಿಗೆ ಬೇಕಂತೆ, ಚಂದ್ರನ ಹಬ್ಬ ಹತ್ತಿರ ಬಂತು, ಅವರಲ್ಲಿ ಒಂದೂ ಉಳಿದಿಲ್ಲ. ನಮ್ಮಲ್ಲಿ ಅದರ ಚಿತ್ರವೂ ಇರಲಿಲ್ಲ, ಜಿಯಾನ್ ಮಾತಿಗೆ ಅಳಿಸಿದ್ದೆವು. ಬೇರೆ ದಾರಿಯಿಲ್ಲದೆ ಆ ಕಳ್ಳ ಚಿತ್ರಗಳಲ್ಲೇ ಹುಡುಕಿ, ಮಸುಕಾಗಿ ಕಂಡ ಮೊಲವನ್ನೂ ಚಂದ್ರನನ್ನೂ ಗೆರೆಗೆರೆಯಾಗಿ ಮತ್ತೆ ಬಿಡಿಸಿದೆವು.

ಮುಗಿದ ಪೆಟ್ಟಿಗೆ ಕಂಡು ಜಿಯಾನ್ ಎದೆಯುಬ್ಬಿಸಿದ. “ನೋಡಿದ್ರಾ? ನಾನು ಅದನ್ನೆಲ್ಲ ಇಟ್ಟಿಲ್ದೇ ಇದ್ದಿದ್ರೆ ಏನ್ ಮಾಡ್ತಿದ್ರಿ? ಇದಕ್ಕೇ ಮುಂದಾಲೋಚನೆ ಅನ್ನೋದು.”

ಶುಹುಯಿ ಫೋಲ್ಡರನ್ನು ಅಳಿಸಿ, ಅವನ ಮೇಜಿನ ಮೇಲೆ ರಾಜೀನಾಮೆ ಇಟ್ಟು ಹೊರಟಳು. ಅವಳ ಜಾಗಕ್ಕೆ ಜಿಯಾನ್ ಯಾರನ್ನೂ ತರಲಿಲ್ಲ. ಇನ್ನೂ ದೊಡ್ಡದೊಂದು ಡಿಸ್ಕ್ ತಂದ. ಉಳಿದ ಮೂವರು ಈಗ ಬೇರೆ ಕೆಲಸ ಹುಡುಕುತ್ತಿದ್ದೇವೆ, ಕಚೇರಿಯ ಕಂಪ್ಯೂಟರಿನಲ್ಲೇ. ಕದ್ದು ನೋಡುವವನು ನೋಡಿಕೊಳ್ಳಲಿ.