ಬಾಲಂಗೋಚಿ

ಗಾಳಿಪಟ ಮೂರನೆಯ ಸಲವೂ ಮೇಲೇರಿದಂತೆ ಮಾಡಿ, ಬಲಕ್ಕೆ ವಾಲಿ, ಗಿರಗಿರನೆ ತಿರುಗಿ ಹಿತ್ತಲಾಚೆಯ ಹೊಲದಲ್ಲಿ ತೊಗರಿ ಕೊಯ್ದ ಕೂಳೆಗಳ ನಡುವೆ ಮೂಗು ಕುಟ್ಟಿಕೊಂಡು ಬಿತ್ತು. ಪಂಚಶೀಲಾ ಹೋಗಿ ಎತ್ತಿಕೊಂಡಳು. ಬೇಸರವೂ ಆಗಲಿಲ್ಲ, ನಗುವೂ ಬರಲಿಲ್ಲ. ಹಳೆಯ ಪೇಪರು, ಕಸಬರಿಗೆಯ ಎರಡು ಕಡ್ಡಿ, ಮೈದಾ ಅಂಟು. ಮನೆಯ ಸಾಮಾನಿನಿಂದಲೇ ಒಂದು ಆಟಿಕೆ ಮಾಡಿ ನಾಳೆ ತೋರಿಸಬೇಕೆಂದು ಮೇಲ್ವಿಚಾರಕಿ ಹೇಳಿದ್ದರು. ಅತನೂರಿನ ಅಂಗನವಾಡಿಯಲ್ಲಿ ಪಂಚಶೀಲಾ ಹನ್ನೊಂದು ವರ್ಷದಿಂದ ಕಾರ್ಯಕರ್ತೆ.

ಹಿತ್ತಲ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಗಂಡ ಜಗದೇವ ನೋಡುತ್ತಿದ್ದ. ಆರು ವರ್ಷದ ಹಿಂದೆ ಲಾರಿ ಓಡಿಸಿಕೊಂಡು ಸೋಲಾಪುರಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಮನೆ ಮಾಡಿದ್ದ. ಕಳೆದ ಶ್ರಾವಣದಲ್ಲಿ ಲಕ್ವಾ ಹೊಡೆದು ಬಲಗಡೆಯ ಮೈಯೆಲ್ಲ ಬಿದ್ದುಹೋದಾಗ, ಆ ಹೆಂಗಸಿನ ತಮ್ಮಂದಿರು ಜೀಪಿನಲ್ಲಿ ತಂದು ಈ ಅಂಗಳದಲ್ಲಿ ಇಳಿಸಿ ಹೋಗಿದ್ದರು. ಅಂದಿನಿಂದ ಪಂಚಶೀಲಾ ಅವನಿಗೆ ಜಳಕ ಮಾಡಿಸುತ್ತಿದ್ದಳು, ಉಣ್ಣಿಸುತ್ತಿದ್ದಳು, ಹಾಸಿಗೆಯ ಬಟ್ಟೆ ಒಗೆದು ಹಾಕಿ ಅಂಗನವಾಡಿಗೆ ಹೋಗುತ್ತಿದ್ದಳು. ಓಣಿಯ ಹೆಂಗಸರು ಆಕೆ ಅಳುತ್ತಾಳೆಂದು ಕಾದರು, ಬೈಯುತ್ತಾಳೆಂದೂ ಕಾದರು. ಎರಡೂ ಆಗದೆ ಇದ್ದಾಗ ಬರುವುದನ್ನೇ ಬಿಟ್ಟರು.

ಮಧ್ಯಾಹ್ನ ಚೌಡಾಪುರದಿಂದ ಅಣ್ಣ ಜೈಭೀಮ ಫೋನ್ ಮಾಡಿದ್ದ. ಅವನ ದೊಡ್ಡ ದನಿ ಮನೆಯಲ್ಲೆಲ್ಲ ಕೇಳುತ್ತಿತ್ತು.

"ರವಿವಾರ ಗಾಡಿ ತರ್ತೇನಿ. ಜಗದೇವನ್ನ ಜೇವರ್ಗಿಗಿ ಒಯ್ದು ಅವರ ಅಕ್ಕನ ಮನ್ಯಾಗ ಬಿಟ್ಟು ಬರೋಣು. ನಿನ್ನ ಮನಸಿನಾಗ ಏನದ, ಖರೇ ಹೇಳವ್ವಾ."

"ಏನೂ ಇಲ್ಲಣ್ಣಾ," ಎಂದಿದ್ದಳು. ಅದು ಸುಳ್ಳಾಗಿರಲಿಲ್ಲ. ಒಳಗೆ ಕೈ ಹಾಕಿ ತಡಕಿದರೂ ಏನೂ ಸಿಗುತ್ತಿರಲಿಲ್ಲ.

"ಕಡ್ಡಿ... ಒಂದ್ ಕಡಿ... ದಪ್ಪ," ಎಂದ ಜಗದೇವ. ಅವನ ಮಾತು ಈಗಲೂ ತೊದಲುತ್ತಿತ್ತು.

ಪಂಚಶೀಲಾ ಕಡ್ಡಿಯನ್ನು ಹಿಡಿದು ನೋಡಿದಳು, ವ್ಯತ್ಯಾಸ ತಿಳಿಯಲಿಲ್ಲ. ಆಮೇಲೆ ಗಾಳಿಪಟ ತಂದು ಅವನ ತೊಡೆಯ ಮೇಲಿಟ್ಟಳು. ಅವನು ನಡುವಿನ ಕಡ್ಡಿಯನ್ನು ಎಡಗೈಯ ಬೆರಳ ಮೇಲೆ ಆನಿಸಿ ಹಿಡಿದ. ಅದು ಬಲಕ್ಕೆ ಜಗ್ಗಿತು. ಅವನು ತೋರಿಸಿದ ಕಡೆ ಆಕೆ ಅಡ್ಡಕಡ್ಡಿಯನ್ನು ಚಾಕುವಿನಿಂದ ಹೆರೆದಳು. ಮತ್ತೆ ಬೆರಳ ಮೇಲಿಟ್ಟ. ಮತ್ತಷ್ಟು ಹೆರೆಯಬೇಕೆಂದು ಕಣ್ಣಲ್ಲೇ ಹೇಳಿದ. ನಾಲ್ಕನೆಯ ಸಲಕ್ಕೆ ಗಾಳಿಪಟ ಬೆರಳ ಮೇಲೆ ಅಲ್ಲಾಡದೆ ನಿಂತಿತು.

ಸೂತ್ರ ಬಿಚ್ಚಿ ಎರಡು ಬೆರಳಷ್ಟು ಮೇಲಕ್ಕೆ ಕಟ್ಟಬೇಕಿತ್ತು. ಗಾಳಿಗೆ ಕಾಗದ ಏಳದಿರಲೆಂದು ಜಗದೇವ ತನ್ನ ಸತ್ತ ಬಲಗೈಯನ್ನು ಎಡಗೈಯಿಂದ ಎತ್ತಿ, ಕಲ್ಲಿಟ್ಟಂತೆ ಅದರ ಮೇಲಿಟ್ಟುಕೊಂಡ. ಗಂಟು ಹಾಕುವಾಗ ಆಕೆಯ ಬೆರಳು ಆ ಕೈಗೆ ತಗುಲಿದವು.

"ಈ ಕೈಗಿ... ಗೊತ್ತಾಗಂಗಿಲ್ಲ," ಎಂದ.

"ನನಗೂ ಗೊತ್ತಾಗಂಗಿಲ್ಲ ಬಿಡ್ರಿ."

ಜಗದೇವ ತಲೆ ತಗ್ಗಿಸಿದ. "ಪಂಚಶೀಲಾ, ನಾ ಸೋಲಾಪುರದಾಗ..." ಎಂದು ಶುರು ಮಾಡಿದ.

"ಬಾಲ ಎಷ್ಟುದ್ದ ಬೇಕ್ರಿ?"

ಅವನು ಎಡಗೈಯ ಬೆರಳು ಬಿಡಿಸಿ ತೋರಿಸಿದ. "ಐದು ಮೊಳ."

ಹಳೆಯ ಅರಿವೆ ಹುಡುಕಲು ಒಳಗೆ ಹೊರಟವಳನ್ನು ಅವನು ತಡೆದು, ಗೂಟಕ್ಕೆ ತೂಗುಬಿದ್ದಿದ್ದ ನೀಲಿ ಅಂಗಿಯನ್ನು ತೋರಿಸಿದ. ಬಂದ ದಿನ ಮೈಮೇಲಿದ್ದ ಅಂಗಿ. ಒಗೆದು, ಮಡಿಸಿ, ಕೊನೆಗೆ ಎಲ್ಲಿಡಬೇಕೆಂದು ತಿಳಿಯದೆ ಆಕೆಯೇ ಅಲ್ಲಿ ಹಾಕಿದ್ದಳು.

"ಅದನ್ನ ಹರಿ."

"ಅದು ಆಕಿ ಕೊಡಿಸಿದ್ದಲ್ಲೇನ್ರಿ?"

ಅವನು ಹೌದೆಂದು ತಲೆಯಾಡಿಸಿದ. "ನನಗ ಗೊತ್ತದ, ರವಿವಾರ... ಗಾಡಿ ಬರ್ತದ. ಹೋಗ್ತೇನಿ."

ಪಂಚಶೀಲಾ ಅಂಗಿಯ ಅಂಚನ್ನು ಹಲ್ಲಿಂದ ಕಚ್ಚಿ ಜಗ್ಗಿದಳು. ಬಟ್ಟೆ ಪರ್‍ರನೆ ಉದ್ದಕ್ಕೂ ಹರಿಯಿತು. ಒಂದು ಪಟ್ಟಿ, ಎರಡು, ಮೂರು. ಬೆನ್ನಿನ ಭಾಗ ಪೂರ್ತಿ ಮುಗಿಯಿತು. ಹರಿಯುವಾಗ ಏನಾದರೂ ಆಗಬೇಕಿತ್ತು ಅನಿಸಿತು, ಆಗಲಿಲ್ಲ. ಪಟ್ಟಿಗಳನ್ನು ಒಂದಕ್ಕೊಂದು ಗಂಟು ಹಾಕಿ ಮೊಳ ಹಾಕಿ ನೋಡಿದಳು. ಐದಕ್ಕೆ ತುಸು ಹೆಚ್ಚೇ ಇತ್ತು.

ಈ ಸಲ ಗಾಳಿಪಟ ಅವಸರ ಮಾಡಲಿಲ್ಲ. ಹೊಲದ ಬದುವಿನ ಎತ್ತರಕ್ಕೆ ಏರಿ ಒಮ್ಮೆ ತಡವರಿಸಿತು. ನೀಲಿ ಬಾಲ ಕೆಳಕ್ಕೆ ಜಗ್ಗಿತು, ತಲೆ ನೆಟ್ಟಗಾಯಿತು. ಆಕೆ ದಾರ ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆದು ಕುರ್ಚಿಯ ಹತ್ತಿರ ಬಂದಳು. ಗಾಳಿಪಟ ಬೇವಿನ ಮರವನ್ನು ದಾಟಿ, ಅಲ್ಲಿ ಮೊಳೆ ಹೊಡೆದಂತೆ ನಿಂತಿತು.

ದಾರವನ್ನು ಅವನ ಎಡಗೈಗೆ ಎರಡು ಸುತ್ತು ಸುತ್ತಿದಳು. ಜಗದೇವ ವಾರೆಯಾದ ಬಾಯಿ ತೆರೆದು ಮೇಲೆ ನೋಡುತ್ತಿದ್ದ. ಕಣ್ಣೀರು ಇಳಿದದ್ದು ಒಂದೇ ಕೆನ್ನೆಯ ಮೇಲೆ ಅವನಿಗೆ ತಿಳಿದಿರಬೇಕು. ಜೀವವಿಲ್ಲದ ಬಲಗೆನ್ನೆಯ ಮೇಲೆ ಸುಮ್ಮನೆ ಇಳಿದು ಗದ್ದಕ್ಕೆ ಬಂದಿತ್ತು. ಆಕೆ ಸೆರಗಿನಿಂದ ಅದನ್ನು ಒರೆಸಿದಳು, ದಿನಾ ಉಂಡಾದ ಮೇಲೆ ಒರೆಸುವಂತೆ.

"ರವಿವಾರ ಆದ ಮ್ಯಾಲ ಮಂಗಳವಾರಕ್ಕ ಅಂಗನವಾಡಿಗಿ ಇನ್ನೂ ನಾಕು ಬೇಕಾಗ್ತಾವ," ಎಂದಳು. "ಕಡ್ಡಿ ನೀವೇ ಆರಿಸ್ರಿ. ನನಗ ತಿಳಿಯಂಗಿಲ್ಲ."

ಅವನು ಏನೋ ಕೇಳಲು ಹೊರಳುವಷ್ಟರಲ್ಲಿ ಆಕೆ ಒಳಗೆ ಹೋಗಿ ಒಲೆ ಹೊತ್ತಿಸಿದ್ದಳು.

ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಅಡುಗೆಮನೆಯಿಂದ ಗಾಳಿಪಟ ಕಾಣುತ್ತಿರಲಿಲ್ಲ. ಹಿತ್ತಲ ಬಾಗಿಲ ಚೌಕಟ್ಟಿನಲ್ಲಿ ಒಂದು ಕೈ, ಆ ಕೈಯಿಂದ ಓರೆಯಾಗಿ ಮೇಲಕ್ಕೆ ಹೋದ ದಾರ, ಅಷ್ಟೇ. ದಾರ ಬಿಗಿಯಾಗುತ್ತಿತ್ತು, ಸಡಿಲಾಗುತ್ತಿತ್ತು, ಮತ್ತೆ ಬಿಗಿಯಾಗುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬರುವವರೆಗೂ ಪಂಚಶೀಲಾ ಅದನ್ನೇ ನೋಡುತ್ತ ಕೂತಿದ್ದಳು.